ಪಿಯುಸಿ ಆಯಿತು, ಸಾಲಕ್ಕೆ ಮೊದಲು ಲೆಕ್ಕ ಹಾಕಿ

ಶಿಕ್ಷಣ ಸಾಲದ ಬಡ್ಡಿ ಯಾವತ್ತಿಂದ ಶುರು? ಸಾಲ ಮಾಡಿದ ಅಪ್ಪ-ಅಮ್ಮಂದಿರನ್ನು ಕೇಳಿ ನೋಡಿ. ‘ಮಗಳಿಗೆ ಕೆಲಸ ಸಿಕ್ಕ ಮೇಲೆ’ ಎನ್ನುವವರೇ ಜಾಸ್ತಿ. ಕೋರ್ಸ್ ಮುಗಿದು ಒಂದು ವರ್ಷ ಆಗುವವರೆಗೆ ಕಂತು ಇಲ್ಲ, ನಿಜ. ಬಡ್ಡಿ ಮಾತ್ರ ಬ್ಯಾಂಕು ಹಣ ಕೊಟ್ಟ ದಿನದಿಂದಲೇ ಓಡುತ್ತಿರುತ್ತದೆ.

ಸಾಲಕ್ಕೆ ಹೋಗುವ ಮೊದಲು ಎರಡು ಕೆಲಸ ಇವೆ.

ಮೊದಲನೆಯದು ಸುಲಭ. ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮಾಡಿಸಿ, ಅದರ ಮೇಲಿರುವ ಆರ್‌ಡಿ ಸಂಖ್ಯೆ, ಅಂದರೆ ಪ್ರಮಾಣಪತ್ರದ ಸಂಖ್ಯೆ, ಬರೆದಿಟ್ಟುಕೊಳ್ಳಿ. ಸಿಇಟಿ ಅರ್ಜಿಗೂ ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣ) ವಿದ್ಯಾರ್ಥಿವೇತನಕ್ಕೂ ಅದು ಬೇಕು.

ಎರಡನೆಯದು, ಒಟ್ಟು ಖರ್ಚು ಬರೆಯುವುದು. ಮಗ ಅಥವಾ ಮಗಳು ಪಕ್ಕದಲ್ಲೇ ಕೂತಿರಲಿ, ಅವರ ಕೈಯಲ್ಲೇ ಬರೆಸಿ. ಕಾಲೇಜು ಶುಲ್ಕ, ಹಾಸ್ಟೆಲ್, ಊಟ, ಬಸ್ಸು, ಲ್ಯಾಪ್‌ಟಾಪ್, ಪರೀಕ್ಷಾ ಶುಲ್ಕ, ಎಲ್ಲವೂ ಬರಲಿ. ಎಂಜಿನಿಯರಿಂಗ್ ಆದರೆ ನಾಲ್ಕು ವರ್ಷದ್ದು. ಹಾಸ್ಟೆಲ್ ಖರ್ಚು ಎಷ್ಟು ಎಂದು ಅಲ್ಲಿ ಓದುತ್ತಿರುವ ಮಕ್ಕಳನ್ನೇ ಕೇಳಿ. ಈ ಹಾಳೆ ಸಿದ್ಧವಾದ ಮೇಲೆಯೇ ಆಪ್ಷನ್ ಎಂಟ್ರಿ, ಅಂದರೆ ಸಿಇಟಿ ಸೀಟಿಗೆ ಬೇಕಾದ ಕಾಲೇಜುಗಳ ಪಟ್ಟಿ ಕೊಡುವುದು. ಶುಲ್ಕ ಕಟ್ಟಲಾಗದ ಕಾಲೇಜನ್ನು ಸುಮ್ನೆ ಪಟ್ಟಿಯಲ್ಲಿ ಮೇಲೆ ಹಾಕಬೇಡಿ, ಸೀಟು ಸಿಕ್ಕರೆ ಸಂಕಟ ನಿಮಗೇ. ‘ಸೀಟು ಕೊಡಿಸ್ತೀನಿ, ಅಡ್ವಾನ್ಸ್ ಕೊಡಿ’ ಎನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಈಗ ಸಾಲ. ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷ, ಒಟ್ಟು 6 ಲಕ್ಷ ಎಂದುಕೊಳ್ಳಿ. ಬಡ್ಡಿ ಶೇ 10. ಮೊದಲ ವರ್ಷದ ಹಣಕ್ಕೆ ಓದಿನ ನಾಲ್ಕು ವರ್ಷ, ಆಮೇಲಿನ ಒಂದು ವರ್ಷ ಸೇರಿ ಐದು ವರ್ಷದ ಬಡ್ಡಿ ಬೀಳುತ್ತದೆ, 75,000 ರೂಪಾಯಿ. ಎರಡನೇ ವರ್ಷದ್ದಕ್ಕೆ 60,000, ಮೂರನೆಯದಕ್ಕೆ 45,000, ಕೊನೆಯದಕ್ಕೆ 30,000. ಬರೀ ಸರಳ ಬಡ್ಡಿ ಹಿಡಿದರೂ 2 ಲಕ್ಷ 10 ಸಾವಿರ. ಮಗಳು ಮೊದಲ ಕಂತು ಕಟ್ಟುವ ಹೊತ್ತಿಗೆ ಸಾಲ 8 ಲಕ್ಷ ದಾಟಿರುತ್ತದೆ!

ಇದಕ್ಕೆ ದಾರಿ ಇದೆ. ಓದುವಾಗಲೇ ಬಡ್ಡಿ ಕಟ್ಟುತ್ತಾ ಬನ್ನಿ. ಮೊದಲ ವರ್ಷ ತಿಂಗಳಿಗೆ 1,250 ರೂಪಾಯಿ ಸಾಕು. ನಾಲ್ಕನೇ ವರ್ಷಕ್ಕೆ ಅದು 5,000 ಆಗುತ್ತದೆ. ಅಷ್ಟು ಆಗದಿದ್ದರೆ ಆದಷ್ಟು ಕಟ್ಟಿ. ಹೀಗೆ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ಬಡ್ಡಿ ದರದಲ್ಲೂ ರಿಯಾಯಿತಿ ಕೊಡುತ್ತವೆ, ಕೇಳಿ ಪಡೆಯಿರಿ. ನನ್ನ ಮಾತು ಕೇಳುವುದಾದರೆ ಸರ್ಕಾರಿ ಬ್ಯಾಂಕಿಗೇ ಹೋಗಿ. ಬೇಗ ಸಿಗುತ್ತದೆಂದು ಪರ್ಸನಲ್ ಲೋನ್ ಮಾಡಬೇಡಿ, ಅದರ ಕಂತು ಮರುತಿಂಗಳಿಂದಲೇ ಶುರು.

ಬ್ಯಾಂಕಿಗೆ ಮಕ್ಕಳನ್ನು ಕರೆದುಕೊಂಡೇ ಹೋಗಿ. ಸಾಲ ಅವರ ಹೆಸರಿನಲ್ಲೇ ಇರುತ್ತದೆ, ನೀವು ಜೊತೆ ಸಾಲಗಾರರು. ವರ್ಷ ವರ್ಷದ ಅಂಕಪಟ್ಟಿ, ಶುಲ್ಕದ ರಸೀದಿ ಒಂದೇ ಫೈಲಿನಲ್ಲಿ ಇಡಿ. ಮುಂದಿನ ವರ್ಷದ ಹಣ ಬಿಡುವಾಗ ಬ್ಯಾಂಕಿನವರು ಅದನ್ನೇ ಕೇಳುತ್ತಾರೆ.