ಎರಡು ನಿಮಿಷದಲ್ಲಿ 23 ಪ್ರಶ್ನೆ

ಮೂರು ವರ್ಷದ ಹುಡುಗ ಚಾಪೆ ಮೇಲೆ ಕೂತು ಸ್ಟೀಲ್ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದಾನೆ. ಪಕ್ಕದಲ್ಲಿ ಅಮ್ಮ. "ಇದೇನು ಪುಟ್ಟಾ? ಮುಚ್ಚಳ ಅನ್ನು. ಕಾರ್ ಎಲ್ಲಿ? ಇದ್ಯಾವ ಕಲರ್? ಇಲ್ಲಿ ನೋಡು, ಅಮ್ಮನ್ನ ನೋಡು." ಅವನು ಮುಚ್ಚಳ ಎತ್ತಿಕೊಂಡು ಗೋಡೆ ಕಡೆ ತಿರುಗಿ ಕೂತ. ಮನೆಯಲ್ಲಿ ಫೋನಿನಲ್ಲಿ ತೆಗೆದ ಆ ವಿಡಿಯೊದಲ್ಲಿ ಎರಡು ನಿಮಿಷಕ್ಕೆ 23 ಪ್ರಶ್ನೆ ಎಣಿಸಿದೆ.

ಹುಡುಗನಿಗೆ ಆಟಿಸಂ ಇದೆ, ಅಂದರೆ ಬೇರೆಯವರ ಜೊತೆ ಬೆರೆಯುವುದು, ಮಾತಾಡುವುದು ಬೇರೆ ಥರ ಇರುವ ಬೆಳವಣಿಗೆಯ ಸ್ಥಿತಿ. ಆ ತಾಯಿಯ ತಪ್ಪೇನೂ ಇಲ್ಲ. ಹಾಗೆ ಮಾಡಿ ಅಂತ ಹೇಳಿಕೊಟ್ಟವರು ನನ್ನಂಥ ಸ್ಪೀಚ್ ಥೆರಪಿಸ್ಟ್‌ಗಳೇ. ನಾನು ಮೊದಲು ಕೆಲಸ ಮಾಡಿದ ಸೆಂಟರಿನಲ್ಲಿ ಮಗುವನ್ನು ಒಳಗೆ ಕರೆದುಕೊಂಡು, ಬಾಗಿಲು ಹಾಕಿ, 45 ನಿಮಿಷ ಫ್ಲ್ಯಾಶ್ ಕಾರ್ಡ್ ತೋರಿಸುತ್ತಿದ್ದೆವು. ಅಪ್ಪ ಅಮ್ಮ ಹೊರಗೆ ಬೆಂಚಿನ ಮೇಲೆ. ಕಾರ್ಡ್ ನೋಡಿ "ಹಸು" ಅಂದ ಮಗು ಬೀದಿಯಲ್ಲಿ ಹಸು ಕಂಡರೆ ಸುಮ್ಮನಿರುತ್ತಿತ್ತು. ಇದು ನನ್ನನ್ನು ತುಂಬಾ ಕಾಡಿತು.

ಮಾತಿಗೆ ಮುಂಚೆ ಮಗು ಇನ್ನೊಂದನ್ನು ಕಲಿಯುತ್ತದೆ. ನಾಯಿ ಕಂಡರೆ ಬೆರಳು ತೋರಿಸಿ ನಮ್ಮ ಮುಖ ನೋಡುತ್ತದೆ, ‘ನೀನೂ ನೋಡಿದೆಯಾ’ ಅನ್ನುವ ಹಾಗೆ. ಇದಕ್ಕೆ ಜಾಯಿಂಟ್ ಅಟೆನ್ಶನ್ ಅನ್ನುತ್ತಾರೆ. ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಬರುತ್ತದೆ. ಆಟಿಸಂ ಇರುವ ಬಹಳ ಮಕ್ಕಳಲ್ಲಿ ಇದು ತಡ. ಮಗು ಏನು ನೋಡುತ್ತಿದೆಯೋ ಅದರ ಬಗ್ಗೆಯೇ ದೊಡ್ಡವರು ಮಾತಾಡಿದರೆ ಮಾತು ಕಲಿಯಲು ಸುಲಭ ಅಂತ ಸಂಶೋಧನೆಗಳು ಹೇಳುತ್ತಾ ಬಂದಿದ್ದವು. ಇಂಗ್ಲೆಂಡಿನ ಮಕ್ಕಳ ಮನೋವೈದ್ಯ ಜೊನಾಥನ್ ಗ್ರೀನ್ ಮತ್ತು ಸಂಗಡಿಗರು ಇದನ್ನೇ ‘ಪ್ಯಾಕ್ಟ್’ ಅನ್ನುವ ಚಿಕಿತ್ಸೆ ಮಾಡಿ, 152 ಮಕ್ಕಳ ಅಧ್ಯಯನವನ್ನು 2010ರಲ್ಲಿ ಪ್ರಕಟಿಸಿದರು. ಅಪ್ಪ ಅಮ್ಮ ಮಗುವಿನ ಜೊತೆ ಆಡುವ ವಿಡಿಯೊ ತೆಗೆದು, ಥೆರಪಿಸ್ಟ್ ಅವರ ಜೊತೆ ಕೂತು ನೋಡುವುದು, ಅಷ್ಟೇ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಇದನ್ನೇ ನಮ್ಮ ಕಡೆಗೆ ಒಗ್ಗುವ ಹಾಗೆ ಬದಲಿಸಿ, 65 ಮಕ್ಕಳ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಮಾಡಿ ನೋಡಿದರು. ಮಾಡಿದವರು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು, ತಜ್ಞರಲ್ಲ. 2016ರಲ್ಲಿ ಬಂದ ಆ ಫಲಿತಾಂಶ ಓದಿದ ಮೇಲೆ ನನಗೂ ಧೈರ್ಯ ಬಂತು.

ಈಗ ನಾನು ಬಾಗಿಲು ಹಾಕುವುದಿಲ್ಲ. ಮೊದಲು ಕಿವಿ ಪರೀಕ್ಷೆ, ಅದು ಆಗದೆ ಮುಂದಿನ ಮಾತಿಲ್ಲ. ಆಮೇಲೆ ಮನೆಯ ಸಾಮಾನಿನಲ್ಲೇ ಆಡಿ, ಹತ್ತು ನಿಮಿಷದ ವಿಡಿಯೊ ತೆಗೆಯಿರಿ ಅನ್ನುತ್ತೇನೆ. ವಿಡಿಯೊ ಅವರ ಫೋನಿನಲ್ಲೇ ಇರುತ್ತದೆ, ನಾನು ಇಟ್ಟುಕೊಳ್ಳುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಜೊತೆಗೆ ಕೂತು ನೋಡುತ್ತೇವೆ. ತಪ್ಪಾದ ಜಾಗ ತೋರಿಸುವುದಿಲ್ಲ, ಚೆನ್ನಾಗಿ ನಡೆದ ಗಳಿಗೆ ಹುಡುಕುತ್ತೇನೆ.

ಆ 23 ಪ್ರಶ್ನೆಯ ವಿಡಿಯೊದಲ್ಲೂ ಅಂಥದ್ದೊಂದು ಇತ್ತು. ಕುಕ್ಕರ್ ಕೂಗಿತು. ಅಮ್ಮ ಮಾತು ನಿಲ್ಲಿಸಿ ಅಡುಗೆಮನೆ ಕಡೆ ನೋಡಿದರು. ಹುಡುಗ ಗೋಡೆ ಬಿಟ್ಟು ಈ ಕಡೆ ತಿರುಗಿ ಅವರ ಮುಖವನ್ನೇ ನೋಡಿದ. ನಾಲ್ಕು ಸೆಕೆಂಡು. ಅದನ್ನು ಮೂರು ಸಲ ಹಾಕಿದೆ. ಮೂರನೇ ಸಲ ಅವರೇ ಕೇಳಿದರು, "ಅವನು ನನ್ನನ್ನೇ ನೋಡ್ತಿದ್ದಾನೆ ಅಲ್ವಾ ಮೇಡಂ?"

ಕಾಯುವುದು ನಮ್ಮ ಮನೆಗಳಲ್ಲಿ ಬಹಳ ಕಷ್ಟ. ಅಜ್ಜಿ ನಾಲಿಗೆಗೆ ಬಜೆ ತಿಕ್ಕಿರುತ್ತಾರೆ. ಬಂದ ನೆಂಟರೆಲ್ಲ "ನನ್ನ ಹೆಸರೇನು ಹೇಳು" ಅನ್ನುತ್ತಾರೆ. ಪ್ರೀತಿಯಿಂದಲೇ. ಅದಕ್ಕೇ ಅಜ್ಜಿಯನ್ನೂ ಕರೆಸುತ್ತೇನೆ. ಪ್ರಶ್ನೆ ಬೇಡ, ಅವನು ಮಾಡುತ್ತಿರುವುದನ್ನೇ ಒಂದೆರಡು ಪದದಲ್ಲಿ ಹೇಳಿ, ಆಮೇಲೆ ಮನಸ್ಸಿನಲ್ಲೇ ಐದು ಎಣಿಸಿ. ಮಾತು ಮನೆಮಾತಲ್ಲೇ ಇರಲಿ. ಮುಂದೆ ಇಂಗ್ಲಿಷ್ ಮೀಡಿಯಂ ಅಂತ ಕನ್ನಡ ಬಿಡಿಸಬೇಡಿ.

ಇದರಿಂದ ಆಟಿಸಂ ಹೋಗುವುದಿಲ್ಲ ಅಂತ ಮೊದಲ ದಿನವೇ ಹೇಳುತ್ತೇನೆ. ಗೋವಾ-ರಾವಲ್ಪಿಂಡಿ ಅಧ್ಯಯನದಲ್ಲಿ ಮಕ್ಕಳು ತಾವಾಗಿಯೇ ಸಂವಹನ ಶುರು ಮಾಡುವುದು ಜಾಸ್ತಿಯಾಯಿತು. ಆದರೆ ಮಗು ಮತ್ತು ಅಪ್ಪ ಅಮ್ಮ ಸೇರಿ ಒಂದರ ಮೇಲೆ ಗಮನ ಇಡುವ ಹೊತ್ತು ಕಡಿಮೆಯೇ ಆಗಿತ್ತು. ಇದನ್ನೂ ಮುಚ್ಚಿಡುವುದಿಲ್ಲ. ನಂಬಿಕೊಂಡು ಬಂದವರಿಗೆ ಅರ್ಧ ಹೇಳಬಾರದು.

ಆರನೇ ವಿಡಿಯೊದಲ್ಲಿ ಫೋನ್ ಹಿಡಿದದ್ದು ಅಜ್ಜಿ. ಅದೇ ಮುಚ್ಚಳ. "ತಿರುಗ್ತು... ತಿರುಗ್ತು... ಬಿತ್ತು!" ಅಂದು ಅಮ್ಮ ಸುಮ್ಮನಾದರು. ಅಜ್ಜಿ "ಹೇಳು ಕಂದ" ಅಂತ ಶುರು ಮಾಡಿದವರು ತಾವೇ ನಿಲ್ಲಿಸಿದರು. ಹುಡುಗ ಮುಚ್ಚಳ ಎತ್ತಿ ಅಮ್ಮನ ಕೈಗಿಟ್ಟು ಮುಖ ನೋಡಿದ. ಅಮ್ಮ ತಿರುಗಿಸಿದರು. ಅದು ಬಿದ್ದಾಗ ಅವನು "ತ್ತೂ" ಅಂದ.

ಮುಂದಿನ ವಿಡಿಯೊದಲ್ಲಿ ಆಡುವ ಸರದಿ ಅಪ್ಪನದು.