ರೂಟರ್ ಪಕ್ಕ ಕೂತರೆ ಮಾತ್ರ ಸಿಗುತ್ತಿದ್ದ ವೈಫೈ

"ಮಾಮ, ನೀನು ಹಾಕಿಕೊಟ್ಟ ಲಿನಕ್ಸ್‌ನಲ್ಲಿ ವೈಫೈ ಬರ್ತಿಲ್ಲ, ನಡುಮನೇಲಿ ರೂಟರ್ ಪಕ್ಕ ಕೂತ್ರೆ ಮಾತ್ರ ಬರುತ್ತೆ" ಅಂತ ಅಕ್ಕನ ಮಗಳು ಫೋನ್ ಮಾಡಿದಳು. ತಿಪಟೂರು ಹತ್ತಿರದ ಹಳ್ಳಿ ಅವರದ್ದು. ಲ್ಯಾಪ್‌ಟಾಪ್ 2015ರಲ್ಲಿ ತಗೊಂಡದ್ದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು, 11 ಆ ಮಷಿನ್‌ಗೆ ಹತ್ತಲ್ಲ, ಹಾಗಾಗಿ ದೀಪಾವಳಿಗೆ ಹೋದಾಗ ನಾನೇ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿ ಬಂದಿದ್ದೆ. ಹಾಕುವಾಗ ನಾನು ಕೂತಿದ್ದದ್ದು ರೂಟರ್ ಪಕ್ಕದಲ್ಲೇ. ಅವತ್ತು ಏನೂ ತೊಂದರೆ ಕಾಣಲಿಲ್ಲ.

ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ಇಂಥ ಫೋನ್ ಬಂದರೆ ಮೊದಲು ಕೇಳುವುದು ಒಂದೇ: ನೆಟ್‌ವರ್ಕ್‌ಗಳ ಪಟ್ಟಿ ಕಾಣುತ್ತಾ ಇಲ್ವಾ? ಪಟ್ಟಿಯೇ ಇಲ್ಲ ಅಂದರೆ ಡ್ರೈವರ್ (ವೈಫೈ ಕಾರ್ಡನ್ನು ನಡೆಸೋ ತಂತ್ರಾಂಶ) ಇಲ್ಲ, ಫರ್ಮ್‌ವೇರ್ (ಕಾರ್ಡಿನ ಒಳಗೇ ಓಡೋ ತಂತ್ರಾಂಶ) ಇಲ್ಲ, ಇಲ್ಲಾಂದ್ರೆ ಯಾರೋ ಕೀಬೋರ್ಡಿನ ವಿಮಾನದ ಗುಂಡಿ ಒತ್ತಿದ್ದಾರೆ. ಪಟ್ಟಿ ಕಾಣುತ್ತಿದೆ, ಹತ್ತಿರ ಇದ್ದರೆ ಕನೆಕ್ಟ್ ಆಗುತ್ತಿದೆ ಅಂದರೆ ಡ್ರೈವರ್ ಇದೆ, ಕೆಲಸವನ್ನೂ ಮಾಡುತ್ತಿದೆ. ಆಗ ಹೊಸ ಡ್ರೈವರ್ ಹುಡುಕಿಕೊಂಡು ಹೋಗಲೇಬಾರದು. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದ್ರೆ ನೆಟ್ಟಿನಲ್ಲಿ ಸಿಕ್ಕಿದ ಯಾವುದೋ ಸೋರ್ಸ್ ಕೋಡ್ ಕಂಪೈಲ್ ಮಾಡಿ ಕೂರಿಸಿ, ಮುಂದಿನ ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಬಂದ ದಿನ ಇದ್ದ ವೈಫೈಯೂ ಹೋಗಿ ನನ್ನ ಹತ್ತಿರ ಬಂದ ಮಷಿನ್‌ಗಳು ಬೇಕಾದಷ್ಟಿವೆ.

ಭಾನುವಾರ ರೈಲು ಹತ್ತಿ ಹೋದೆ. ಅವಳು ಓದುವ ರೂಮು ಅಟ್ಟಕ್ಕೆ ಅಂಟಿಕೊಂಡಿದೆ. ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ. ವರ್ಷದ ಹತ್ತಿರ ಹಾಗೇ ಬಿಡಬೇಕು, ಕೈಗೆತ್ತಿ ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನಬೇಕು, ಆಮೇಲೇ ಸುಲಿಯೋದು. ಮಣ್ಣಿನ ದಪ್ಪ ಗೋಡೆ, ಮೇಲೆ ಇಷ್ಟು ಕಾಯಿ, ಸಿಗ್ನಲ್ ಎಲ್ಲಿ ಬರುತ್ತೆ ಅಂತ ಭಾವ ಆಗಲೇ ರೂಟರ್ ಜೊತೆ ಸಿಗ್ನಲ್ ಮುಂದಕ್ಕೆ ದಾಟಿಸೋ ಇನ್ನೊಂದು ಡಬ್ಬ ತರಿಸೋ ಯೋಚನೆಯಲ್ಲಿದ್ದರು. ನಾನು ಆ ರೂಮಿನ ಮಂಚದ ಮೇಲೆ ಲ್ಯಾಪ್‌ಟಾಪ್ ಪಕ್ಕ ನನ್ನ ಫೋನ್ ಇಟ್ಟೆ. ಫೋನಿಗೆ ಸಿಗ್ನಲ್ ಚೆನ್ನಾಗಿಯೇ ಇದೆ, ಲ್ಯಾಪ್‌ಟಾಪ್‌ಗೆ ಮಾತ್ರ ಒಂದು ಗೆರೆ, ಅದೂ ಬಂದು ಹೋಗುತ್ತೆ. ಅಂದಮೇಲೆ ತಪ್ಪು ಗೋಡೆಯದ್ದಲ್ಲ, ಕಾಯಿಯದ್ದೂ ಅಲ್ಲ.

ಗೆರೆ ನೋಡಿ ಏನೂ ತೀರ್ಮಾನ ಮಾಡೋಕೆ ಆಗಲ್ಲ, ಸಂಖ್ಯೆ ಬೇಕು. ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ಕಿಟಕಿ) ತೆಗೆದು ‘ಐಡಬ್ಲ್ಯೂ ಡೆವ್’ ಅಂತ ಹೊಡೆದರೆ ವೈಫೈ ಕಾರ್ಡಿನ ಹೆಸರು ಸಿಗುತ್ತೆ, ಆ ಹೆಸರು ಸೇರಿಸಿ ಕೊನೆಗೆ ‘ಲಿಂಕ್’ ಅಂದರೆ ಸಿಗ್ನಲ್ ಎಷ್ಟು ಡಿಬಿಎಂ (ಸಿಗ್ನಲ್ಲಿನ ಶಕ್ತಿ ಅಳೆಯೋ ಮಾನ) ಅಂತ ಬರುತ್ತೆ. (ಕಮಾಂಡ್ ಎಲ್ಲ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ.) ಸಂಖ್ಯೆ ಮೈನಸ್‌ನಲ್ಲಿರುತ್ತೆ, ಸೊನ್ನೆಯ ಕಡೆ ಬಂದಷ್ಟೂ ಒಳ್ಳೇದು. -50 ಅಂದರೆ ಭೇಷಾಗಿದೆ, -80 ದಾಟಿದರೆ ವಿಡಿಯೊ ಕ್ಲಾಸ್ ನೋಡೋದು ಕಷ್ಟ. ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಯೆಲ್ಲ ಓಡಾಡಿ, ಭಾವನ ಮಂಡಿ ಚೀಟಿಯ ಹಿಂದೆ ಬರೆದುಕೊಂಡೆ. ರೂಟರ್‌ನಿಂದ ನಾಲ್ಕು ಅಡಿಯಲ್ಲಿ -62. ಅಷ್ಟು ಹತ್ತಿರದಲ್ಲಿ -35ರ ಆಸುಪಾಸು ಇರಬೇಕಿತ್ತು! ಹೊಸ್ತಿಲ ಹತ್ತಿರ -75. ರೂಮಿನಲ್ಲಿ -84.

ಆಂಟೆನಾ ಇಲ್ಲದ ರೇಡಿಯೊ ಥರ ಅಲ್ವಾ ಇದು ಅನ್ನಿಸಿತು.

ಕಾರ್ಡ್ ಯಾವುದು, ಯಾವ ಡ್ರೈವರ್ ಹತ್ತಿದೆ ಅಂತ ನೋಡೋಕೆ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’. ನೆಟ್‌ವರ್ಕ್ ಕಂಟ್ರೋಲರ್ ಅನ್ನೋ ಸಾಲಿನಲ್ಲಿ ಆರ್‌ಟಿಎಲ್8723ಬಿಇ ಅಂತ ಚಿಪ್ ಹೆಸರು, ಕೆಳಗೆ ಡ್ರೈವರ್‌ಗೂ ಅದೇ ಹೆಸರು. ನೋಡಿದ ತಕ್ಷಣ ಅರ್ಧ ಸಮಾಧಾನ ಆಯ್ತು. ಈ ಚಿಪ್‌ನ ಕಾರ್ಡ್ ಮೇಲೆ ಆಂಟೆನಾ ವೈರ್ ಚುಚ್ಚೋಕೆ ಎರಡು ಪುಟ್ಟ ಕನೆಕ್ಟರ್ ಇರುತ್ತೆ. ಕೆಲವು ಲ್ಯಾಪ್‌ಟಾಪ್ ಮಾಡೋರು ವೈರ್ ಒಂದೇ ಎಳೆದು, ಎರಡರಲ್ಲಿ ಒಂದಕ್ಕೆ ಚುಚ್ಚಿ ಬಿಟ್ಟಿರ್ತಾರೆ. ಯಾವುದಕ್ಕೆ ಚುಚ್ಚಿದ್ದಾರೆ ಅಂತ ಡ್ರೈವರ್‌ಗೆ ಸರಿಯಾಗಿ ಗೊತ್ತಾಗದೇ ಇದ್ದರೆ ಅದು ಖಾಲಿ ಕನೆಕ್ಟರ್‌ನಿಂದಲೇ ಕೇಳುತ್ತಾ ಕೂರುತ್ತೆ. ಆ ಖಾಲಿ ಕನೆಕ್ಟರ್‌ಗೂ ಅಷ್ಟೋ ಇಷ್ಟೋ ಸಿಗ್ನಲ್ ತಾಗುತ್ತೆ. ಪಕ್ಕ ಕೂತಾಗ ಬರುತ್ತಿದ್ದದ್ದು ಅದೇ.

ಡ್ರೈವರ್‌ಗೆ ಬಾಯಿಬಿಟ್ಟು ಹೇಳೋ ದಾರಿ ಇದೆ. ‘ಮಾಡ್‌ಇನ್ಫೊ -ಪಿ’ ಕೊಟ್ಟು ಮುಂದೆ ಡ್ರೈವರ್ ಹೆಸರು ಹಾಕಿದರೆ ಅದು ಒಪ್ಪಿಕೊಳ್ಳೋ ಸೆಟ್ಟಿಂಗ್‌ಗಳ ಪಟ್ಟಿ ಬರುತ್ತೆ. ಅದರಲ್ಲಿ ಆಂಟ್_ಸೆಲ್ ಅಂತ ಒಂದಿದೆ: ಎ, ಎನ್, ಟಿ, ಅಂಡರ್‌ಸ್ಕೋರ್, ಎಸ್, ಇ, ಎಲ್. ಸುಮ್ನೆ ಬಿಟ್ಟರೆ 0, ಇಂಥದ್ದೇ ಆಂಟೆನಾ ಬೇಕು ಅಂದರೆ 1 ಅಥವಾ 2.

ಮೊದಲು ‘ಸುಡೊ ಮಾಡ್‌ಪ್ರೋಬ್ -ಆರ್’ ಜೊತೆ ಡ್ರೈವರ್ ಹೆಸರು ಕೊಟ್ಟು ಅದನ್ನು ಇಳಿಸಿದೆ, ವೈಫೈ ಗುರುತೇ ಮಾಯ ಆಯ್ತು, ಹೆದರಬೇಡಿ. ಆಮೇಲೆ -ಆರ್ ಇಲ್ಲದೆ ಅದೇ ಕಮಾಂಡ್, ಕೊನೆಗೆ ಆಂಟ್_ಸೆಲ್=1. ಕನೆಕ್ಟ್ ಆಗೋ ತನಕ ಕಾದು ನೋಡಿದರೆ -85. ಇನ್ನೊಮ್ಮೆ ಇಳಿಸಿ, ಈ ಸಲ 2. ಅಕ್ಕನ ಮಗಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. -54 ಅಂತ ಬಂತು. "ಮಾಮ, ಇದು ನಡುಮನೆಗಿಂತ ಚೆನ್ನಾಗಿದೆ!" ಅಂದಳು. -84ರಿಂದ -54ಕ್ಕೆ ಬಂತು ಅಂದರೆ 30 ಡಿಬಿ ಏರಿತು (ಎರಡು ಡಿಬಿಎಂ ಸಂಖ್ಯೆಗಳ ಅಂತರವೇ ಡಿಬಿ). 10 ಡಿಬಿ ಏರಿದರೆ ಸಿಗ್ನಲ್ಲಿನ ಶಕ್ತಿ 10 ಪಟ್ಟು, 30 ಏರಿದರೆ 1000 ಪಟ್ಟು. ಅದೇ ಮಂಚ, ಅದೇ ಗೋಡೆ. ನಿಮ್ಮ ಮಷಿನ್‌ನಲ್ಲಿ 1ಕ್ಕೆ ಸರಿಹೋಗಬಹುದು, ಎರಡನ್ನೂ ಹಾಕಿ ಸಂಖ್ಯೆ ನೋಡಿಯೇ ಆರಿಸಿಕೊಳ್ಳಿ. ಮಷಿನ್ ಬಿಚ್ಚುವ ಕೆಲಸವೇ ಇಲ್ಲ.

ಹೀಗೆ ಹಾಕಿದ್ದು ರೀಸ್ಟಾರ್ಟ್ ಮಾಡಿದರೆ ಹೋಗುತ್ತೆ. ಉಳಿಯಬೇಕು ಅಂದರೆ ಇಟಿಸಿ ಫೋಲ್ಡರ್ ಒಳಗಿನ ‘ಮಾಡ್‌ಪ್ರೋಬ್.ಡಿ’ಯಲ್ಲಿ ಡಾಟ್ ಕಾನ್ಫ್ ಅಂತ ಮುಗಿಯೋ ಒಂದು ಫೈಲ್ ಮಾಡಿ ಒಂದೇ ಸಾಲು ಬರೆಯಬೇಕು: ‘ಆಪ್ಶನ್ಸ್’, ಡ್ರೈವರ್ ಹೆಸರು, ಆಂಟ್_ಸೆಲ್=2. ಅಷ್ಟೇ. ಫೈಲ್ ಹೆಸರಿನ ಕೊನೆಗೆ ಡಾಟ್ ಕಾನ್ಫ್ ಬಿಟ್ಟುಹೋದರೆ ಆ ಸಾಲನ್ನು ಯಾರೂ ಓದಲ್ಲ, ಇದೊಂದು ಜ್ಞಾಪಕ ಇರಲಿ.

ಇಷ್ಟಾದ ಮೇಲೂ ಸಿಗ್ನಲ್ ಚೆನ್ನಾಗಿದ್ದು ಮಧ್ಯೆ ಮಧ್ಯೆ ತಡವರಿಸಿದರೆ ಅದು ಪವರ್ ಸೇವಿಂಗ್ ಇರಬಹುದು, ಅದಕ್ಕೆ ಬೇರೆ ಸೆಟ್ಟಿಂಗ್ ಇದೆ, ಅವಳಿಗೆ ಬೇಕಾಗಲಿಲ್ಲ. ಇನ್ನು ವೈಫೈ ಪೂರ್ತಿ ಸತ್ತಿರೋ ಮಷಿನ್‌ಗೆ ಏನಾದರೂ ಡೌನ್‌ಲೋಡ್ ಮಾಡಬೇಕು ಅಂದರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಯಾವ ಡ್ರೈವರೂ ಕೇಳದೆ ನೆಟ್ ಬರುತ್ತೆ. ನನ್ನ ಚೀಲದಲ್ಲಿ ಆ ಕೇಬಲ್ ಯಾವಾಗಲೂ ಇರುತ್ತೆ.

ಭಾವ ಡಬ್ಬ ತರಿಸಲಿಲ್ಲ. ಮೊನ್ನೆ ಆ ಲ್ಯಾಪ್‌ಟಾಪ್‌ಗೆ ಕರ್ನಲ್ ಅಪ್‌ಡೇಟ್ ಬಂತು ಅಂತ ಗೊತ್ತಾಗಿ ನಾನೇ ಫೋನ್ ಮಾಡಿ ಕೇಳಿದೆ. ಅಟ್ಟದ ರೂಮಿನಿಂದಲೇ ಲ್ಯಾಪ್‌ಟಾಪ್‌ನಲ್ಲಿ ವಿಡಿಯೊ ಕಾಲ್ ಮಾಡಿದಳು, ಸಂಖ್ಯೆ ಓದಿ ಹೇಳಿದಳು. -56.