ನಾಲ್ಕು–ಐದನೇ ತರಗತಿಯ ಓದು: ಒತ್ತಕ್ಷರದಿಂದ ಹಿಡಿದೆವು, ಗೆದ್ದೆವು

ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯ ಪದ್ಧತಿಯಾದ ನಲಿ-ಕಲಿ ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕಕ್ಕೆ ಬಂದ ಮಗು ಕೂಡಿಸಿ ಓದಲು ಬಾರದಿದ್ದರೂ ಅದರ ಕೈಗೆ ದಪ್ಪ ಪುಸ್ತಕ ಬರುತ್ತದೆ. ಅಂಥ ಮಕ್ಕಳನ್ನು ಮತ್ತೆ ನಲಿ-ಕಲಿಯ ಮೊದಲ ಅಕ್ಷರಗಳಾದ ‘ರ ಗ ಸ ದ ಅ’ದಿಂದಲೇ ಹಿಡಿಯಬೇಕು ಎನ್ನುವುದು ರೂಢಿ. ಪಾವಗಡ ಕಡೆಯ ನಮ್ಮ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಹಾಗೆ ಮಾಡಲಿಲ್ಲ. ನಾಲ್ಕು, ಐದು ಎರಡೂ ತರಗತಿ ಸೇರಿಸಿ, ದಿನಾ ಮೊದಲ ಅವಧಿಯ 40 ನಿಮಿಷವನ್ನು ಓದಿಗೇ ಕೊಟ್ಟೆವು. ಸಿಲಬಸ್ ಮುಗಿಯುವುದಿಲ್ಲ ಎಂದು ಸಭೆಯಲ್ಲಿ ಎಲ್ಲರೆದುರು ಹೇಳಿದವರೇ ಈಗ ನಮ್ಮ ಕಾರ್ಡುಗಳ ಫೋಟೊ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಪರೀಕ್ಷೆ. ಪಠ್ಯಪುಸ್ತಕದ ಪಾಠ ಕೊಟ್ಟು ಓದಿಸಬೇಡಿ, ಅದು ಬಾಯಿಪಾಠ ಆಗಿರುತ್ತದೆ. ನಾವೇ ಹತ್ತು ಸಾಲು ಬರೆದೆವು. ಮೊದಲ ಮೂರರಲ್ಲಿ ಬರೀ ಕಾಗುಣಿತ. ಮುಂದಿನ ಮೂರರಲ್ಲಿ ಹಗ್ಗ, ಬೆಟ್ಟ, ಅಕ್ಕಿಯಂಥ ಸಜಾತೀಯ ಒತ್ತು, ಅಂದರೆ ಅಕ್ಷರಕ್ಕೆ ಅದರದೇ ಒತ್ತು. ಆಮೇಲೆ ಬೇರೆ ಅಕ್ಷರದ ಒತ್ತು ಬರುವ ಪುಸ್ತಕ, ಚಕ್ರ. ಕಟ್ಟಕಡೆಯ ಸಾಲಿನಲ್ಲಿ ಸೂರ್ಯ, ವರ್ಷ. ಮಗು ಎಲ್ಲಿ ನಿಂತಿತೋ ಅದೇ ಅದರ ಗುಂಪು. ಸುಮಾರು 30 ಮಕ್ಕಳಲ್ಲಿ ಅಕ್ಷರವೇ ಬಾರದವರು ಮೂರ್ನಾಲ್ಕು ಮಂದಿ, ದೀರ್ಘ ನುಂಗುವವರು, ಅಂದರೆ ದೀರ್ಘ ಸ್ವರವನ್ನು ಹ್ರಸ್ವವಾಗಿ ಓದುವವರು, ಏಳೆಂಟು. ಹೆಚ್ಚುಕಡಿಮೆ ಅರ್ಧ ತರಗತಿ ನಿಂತದ್ದು ಒತ್ತಕ್ಷರದಲ್ಲಿ. ಇವರನ್ನು ಮತ್ತೆ ಅಕ್ಷರಮಾಲೆಗೆ ಕೂರಿಸಿದರೆ ವರ್ಷವೇ ಹಾಳು.

ಓದು, ಲೆಕ್ಕದ ಬುನಾದಿ ಕಲಿಕೆಗೆ ಕೇಂದ್ರ ಸರ್ಕಾರ ತಂದ ನಿಪುಣ್ ಭಾರತ್ ಯೋಜನೆಯಲ್ಲಿ ಮೂರನೇ ತರಗತಿಗೆ ನಿಮಿಷಕ್ಕೆ 60 ಪದದ ಗುರಿ ಇದೆ. ಕನ್ನಡಕ್ಕೆ ಪದದ ಎಣಿಕೆ ಹೊಂದುವುದಿಲ್ಲ. ‘ಶಾಲೆಯಲ್ಲಿದ್ದವರಿಗೆಲ್ಲ’ ಒಂದೇ ಪದ, ಅಕ್ಷರ ಒಂಬತ್ತು. ಆದ್ದರಿಂದ ನಾವು ನಿಮಿಷಕ್ಕೆ ಎಷ್ಟು ಅಕ್ಷರ ಎಂದು ಲೆಕ್ಕ ಇಟ್ಟೆವು. ಒತ್ತಕ್ಷರವೂ ಒಂದೇ ಎಣಿಕೆ.

ಈಗ ಮುಖ್ಯ ವಿಷಯ, ಒತ್ತುಗಳ ಕ್ರಮ. ಹೆಚ್ಚಿನ ಒತ್ತುಗಳಲ್ಲಿ ಮೂಲ ಅಕ್ಷರದ ಮುಖ ಉಳಿದಿರುತ್ತದೆ, ಗ, ಟ, ಪ ಕಲಿತ ಮಗು ಅದನ್ನು ಹೇಗೋ ಗುರುತಿಸಿಬಿಡುತ್ತದೆ. ತ, ನ, ಮ, ಯ, ರ, ಲ ಈ ಆರರ ಒತ್ತಿಗೂ ಅಕ್ಷರಕ್ಕೂ ಸಂಬಂಧವೇ ಕಾಣದು. ಮಕ್ಕಳು ಬೀಳುವುದು ಇಲ್ಲೇ. ನಾವು ಲ ಒತ್ತಿನಿಂದ ಶುರುಮಾಡಿದೆವು: ಅಲ್ಲಿ, ಇಲ್ಲ, ಎಲ್ಲ, ಮನೆಯಲ್ಲಿ. ನಂತರ ತ: ಹತ್ತು, ಮತ್ತೆ, ಬರುತ್ತಾನೆ. ಆಮೇಲೆ ನನ್ನ, ಅನ್ನ, ನಮ್ಮ, ಅಮ್ಮ. ಈ ನಾಲ್ಕು ಒತ್ತು ಬಂದರೆ ಸಾದಾ ಕಥೆಯ ಬಹುಪಾಲು ಒತ್ತಕ್ಷರ ದಾಟಿದಂತೆ, ಏಕೆಂದರೆ ‘-ಅಲ್ಲಿ’, ‘-ತ್ತಾನೆ’ ಸಾಲುಸಾಲಿಗೂ ಬರುತ್ತವೆ. ಯ, ರ ಒತ್ತುಗಳಿಗೆ ಅವಸರ ಬೇಡ.

ಸೂರ್ಯ, ವರ್ಷದಲ್ಲಿ ಬರುವ ಅರ್ಕಾವೊತ್ತನ್ನಂತೂ (ರ್) ಕನಿಷ್ಠ ಎರಡು ತಿಂಗಳು ದೂರ ಇಡಿ. ಗುರುತು ಬಲಗಡೆ, ಉಚ್ಚಾರ ಮೊದಲು. ಇದನ್ನು ಬೇಗ ತಂದರೆ ಮಗು ಎಲ್ಲ ಒತ್ತನ್ನೂ ತಿರುಗಿಸಿ ಓದುತ್ತದೆ, ಪುಸ್ತಕ ಹೋಗಿ ‘ಪುತ್ಸಕ’ ಆಗುತ್ತದೆ. ರ ಬರೆದು ಅದರ ಕೆಳಗೆ ಯ ಒತ್ತು ಕೊಡುವ ರೂಪವನ್ನು ಮೊದಲು ತೋರಿಸಿ, ಆಮೇಲೆ ಅರ್ಕಾವೊತ್ತಿಗೆ ದಾಟಿಸಿ. ಕಾಗುಣಿತದ ಗುಂಪಿನವರಿಗೆ ‘ವು’ ಮತ್ತು ‘ಮ’ ಒಂದೇ ಕಾರ್ಡಿನಲ್ಲಿ ಅಕ್ಕಪಕ್ಕ ಇರಲಿ. ಬೇರೆಬೇರೆ ದಿನ ಕಲಿಸಿದರೆ ಗೊಂದಲ ಹೋಗುವುದಿಲ್ಲ.

ಕಾರ್ಡು ಎರಡು ತುಂಡಿನದು: ಮೇಲೆ ಅಕ್ಷರ, ಕೆಳಗೆ ಜರುಗಿಸಿ ಇಡುವ ಒತ್ತು. ಮಗು ತಾನೇ ಒತ್ತನ್ನು ತಂದು ಅಕ್ಷರದ ಕೆಳಗೆ ಇಟ್ಟು ಓದಬೇಕು. ಮೊದಲು ಲ್ಯಾಮಿನೇಷನ್ ಮಾಡಿಸಿದೆವು, ಎಂಟುನೂರು ಚಿಲ್ಲರೆ ನೀರಿಗೆ ಬಿತ್ತು. ಕಿಟಕಿ ಬೆಳಕಿಗೆ ಹೊಳೆದು ಅಕ್ಷರ ಕಾಣುವುದಿಲ್ಲ, ಕತ್ತರಿಸಿದ ಅಂಚು ತಿಂಗಳೊಳಗೆ ಬಿಚ್ಚಿಕೊಳ್ಳುತ್ತದೆ. ಬಿಳಿ ಕಾರ್ಡ್‌ಶೀಟಿನ ಒತ್ತಿನ ತುಂಡುಗಳು ಫ್ಯಾನಿಗೆ ಹಾರಿದವು. ಕೊನೆಗೆ ಕೆಲಸಕ್ಕೆ ಬಂದದ್ದು ಹಳೆಯ ಮದುವೆ ಕರೆಯೋಲೆಗಳ ಖಾಲಿ ಬದಿ, ಅಂಚಿಗೆ ಅಗಲದ ಟೇಪು, ದಪ್ಪ ಮಾರ್ಕರ್. ಎಲ್ಲ ಸೇರಿ ಒಂದೂವರೆ ಸಾವಿರದೊಳಗೆ ಮುಗಿಯಿತು. ಮಕ್ಕಳ ಸಂಖ್ಯೆ ಮೂವತ್ತು ದಾಟಿ ನೂರರೊಳಗಿರುವ ಶಾಲೆಗೆ ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯ ವಾರ್ಷಿಕ ಅನುದಾನ 25,000 ಎಂದು ಲೆಕ್ಕದಲ್ಲಿದೆ, ಅದರಲ್ಲಿ ಹತ್ತನೇ ಒಂದು ಭಾಗ ಸ್ವಚ್ಛತೆಗೆ. ಸೀಮೆಸುಣ್ಣ, ಬಲ್ಬು, ನಲ್ಲಿ ರಿಪೇರಿಯ ನಂತರ ಉಳಿಯುವುದು ಎಷ್ಟು ಎಂದು ನಿಮಗೆ ಗೊತ್ತೇ ಇದೆ. ಮೊದಲ ವರ್ಷ ಕೈಯಿಂದಲೇ ಹಾಕಿದೆವು, ಎರಡನೇ ವರ್ಷ ಎಸ್‌ಡಿಎಂಸಿಯವರು (ಪೋಷಕರಿರುವ ಶಾಲಾ ಅಭಿವೃದ್ಧಿ ಸಮಿತಿ) ಕೊಟ್ಟರು.

ಯಾರೂ ಹೇಳದ ಒಂದು ತೊಂದರೆ: ಮಕ್ಕಳು ಅಕ್ಷರ ಬಿಟ್ಟು ಕಾರ್ಡನ್ನೇ ಕಲಿಯುತ್ತಾರೆ. ‘ಬೆಲ್ಲ’ದ ಕಾರ್ಡಿನ ಮೂಲೆಯಲ್ಲಿ ಸಾಂಬಾರಿನ ಕಲೆ ಇತ್ತು, ಕಲೆ ಕಂಡ ತಕ್ಷಣ ‘ಬೆಲ್ಲ’ ಎನ್ನುತ್ತಿದ್ದರು. ಮೂಲೆಗೆ ಬೆರಳಿಟ್ಟರೆ ಓದು ನಿಲ್ಲುತ್ತಿತ್ತು. ಆದ್ದರಿಂದ ಪ್ರತಿ ಪದಕ್ಕೂ ಮೂರು ಕಾರ್ಡು, ಮೂರು ಕೈಬರಹ. ಮೂರನೆಯದು ಮಗುವಿನದೇ.

ಅವಧಿಯ ಹಂಚಿಕೆ ಹೀಗೆ: 10 ನಿಮಿಷ ನಾವು ಕಥೆ ಓದುವುದು, 20 ನಿಮಿಷ ಗುಂಪಿನ ಕಾರ್ಡು, 10 ನಿಮಿಷ ಆಜ್ಞೆಚೀಟಿ. ‘ಕಿಟಕಿ ಮುಚ್ಚು’, ‘ಬಾಗಿಲ ಹತ್ತಿರ ನಿಲ್ಲು’, ‘ಇಬ್ಬರ ಚಪ್ಪಲಿ ಜೋಡಿಸು’. ಬಾಯಿ ಬಿಡಬಾರದು, ಓದಿ ಮಾಡಬೇಕು. ಮನೆಯಲ್ಲಿ ತೆಲುಗು ಆಡುವ ಮಕ್ಕಳೇ ಇಲ್ಲಿ ಹೆಚ್ಚು, ಅರ್ಥವಾಗದೆ ಸರಾಗ ಓದುವ ಮಗು ಈ ಚೀಟಿಯಲ್ಲಿ ಸಿಕ್ಕಿಬೀಳುತ್ತದೆ. ಗುಂಪಿಗೆ ಒಂದು, ಎರಡು ಎಂದು ಸಂಖ್ಯೆ ಕೊಡಬೇಡಿ. ಐದನೆಯವರು ನಾಲ್ಕನೆಯವರ ಜೊತೆ ಕೂರಲು ನಾಚುತ್ತಾರೆ. ಶನಿವಾರ ಗುಂಪು ಬದಲಾಗಲೇಬೇಕು, ಒಂದಿಬ್ಬರಾದರೂ ಮೇಲೇರಬೇಕು. ದೀರ್ಘ ನುಂಗುವವರಿಗೆ ಚಪ್ಪಾಳೆಯ ಆಟವೊಂದಿದೆ. ಅದನ್ನು ಬರೆದು ತಿಳಿಸಲಾಗದು, ಶಾಲೆಗೆ ಬಂದವರಿಗೆ ತೋರಿಸುತ್ತೇವೆ.

ನಡುವೆ ಮೊಬೈಲಿನಲ್ಲಿ ಓದು ರೆಕಾರ್ಡ್ ಮಾಡಿ ಪೋಷಕರಿಗೆ ಕಳಿಸಿ ನೋಡಿದೆವು. ಮಕ್ಕಳು ಬಾಯಿಪಾಠ ಮಾಡಿಕೊಂಡು ಬರತೊಡಗಿದರು, ನಿಲ್ಲಿಸಿದೆವು. ಬಿಸಿಯೂಟದ ಫಲಕ ಮಾತ್ರ ಚೆನ್ನಾಗಿ ಕೂಡಿಬಂತು. ದಿನಕ್ಕೊಂದು ಮಗು ಬರೆಯುತ್ತದೆ: ಹಾಜರಿ 62, ಅಕ್ಕಿ ತಲೆಗೆ 100 ಗ್ರಾಂ, ಒಟ್ಟು 6 ಕೆಜಿ 200 ಗ್ರಾಂ; ಬೇಳೆ ತಲೆಗೆ 20 ಗ್ರಾಂ, 1 ಕೆಜಿ 240 ಗ್ರಾಂ. ಓದು, ಬರಹ, ಗುಣಾಕಾರ ಮೂರೂ ಒಟ್ಟಿಗೆ. ತಪ್ಪಿದ್ದರೆ ಅಡುಗೆಯ ಅಕ್ಕನೇ ಹಿಡಿಯುತ್ತಾರೆ.

ದಸರಾ ರಜೆಯ ಹೊತ್ತಿಗೆ ಒತ್ತಕ್ಷರದ ಗುಂಪಿನ ಹದಿನೈದರಲ್ಲಿ ಹನ್ನೆರಡು ಮಂದಿ ಹೊಸ ಕಥೆಯನ್ನು ತಡವರಿಸದೆ ಓದಿದರು. ನಿಮಿಷಕ್ಕೆ 40ರ ಆಸುಪಾಸಿನಲ್ಲಿದ್ದವರು ನೂರು ಅಕ್ಷರ ದಾಟಿದರು. ಗಣಿತದ ಲೆಕ್ಕವನ್ನು ತಾವೇ ಓದಿಕೊಳ್ಳುವುದರಿಂದ ಹೋದ ಅವಧಿಗಳು ವಾಪಸ್ ಬಂದವು, ಫೆಬ್ರವರಿಗೆ ಪಾಠ ಮುಗಿದಿತ್ತು. ಅಕ್ಷರವೇ ಬಾರದವರಲ್ಲಿ ಇಬ್ಬರು ಇನ್ನೂ ಹಿಂದೆಯೇ ಇದ್ದಾರೆ. ಅಪ್ಪ ಅಮ್ಮ ಕೂಲಿಗೆ ಬೆಂಗಳೂರಿಗೆ ಹೋದಾಗಲೆಲ್ಲ ಅವರೂ ಹೋಗುತ್ತಾರೆ. ಅವರ ಚೀಲಕ್ಕೆ ಕಾರ್ಡಿನ ಒಂದು ಕಟ್ಟು ಹಾಕಿ ಕಳಿಸುವುದನ್ನು ಈ ವರ್ಷ ಶುರುಮಾಡಿದ್ದೇವೆ.

ಮಾಡುವವರು ಜೂನ್‌ನ ಸೇತುಬಂಧದಲ್ಲೇ, ಅಂದರೆ ಹಿಂದಿನ ವರ್ಷದ ಕಲಿಕೆಯನ್ನು ಮೆಲುಕು ಹಾಕಿಸುವ ಮೊದಲ ದಿನಗಳಲ್ಲೇ, ಹತ್ತು ಸಾಲಿನ ಪರೀಕ್ಷೆ ಮುಗಿಸಿ. ಕಾರ್ಡು ಕತ್ತರಿಸಿ ಬರೆಯಲು ಇಬ್ಬರಿಗೆ ಎರಡು ವಾರ ಬೇಕು. ಕರೆಯೋಲೆಗಳನ್ನು ಮಾತ್ರ ಏಪ್ರಿಲ್–ಮೇ ಮದುವೆಗಳಲ್ಲೇ ಕೂಡಿಟ್ಟುಕೊಳ್ಳಿ, ಆಷಾಢದಲ್ಲಿ ಸಿಗುವುದಿಲ್ಲ.